ಬೀದಿಯ ಕೆಳಗೊಂದು ಬೀದಿ



ಅಮೆರಿಕದ ಸಿಯಾಟಲ್ ನಗರದಲ್ಲಿ ಗೈಡ್ ಹಿಂದೆ ಮೆಟ್ಟಿಲಿಳಿದರೆ, ಇಂದಿನ ಬೀದಿಯಡಿಯಲ್ಲೇ ಹಳೆಯ ಫುಟ್‌ಪಾತ್‌ಗಳು ಕಾಣಸಿಗುತ್ತವೆ. 1889ರ ಜೂನ್ 6ರಂದು ಮರಗೆಲಸದ ಅಂಗಡಿಯೊಂದರಲ್ಲಿ ಕಾಯುತ್ತಿದ್ದ ಅಂಟು ಉಕ್ಕಿ ಹೊತ್ತಿಕೊಂಡ ಬೆಂಕಿ, ಮರದ ಪೇಟೆಯನ್ನೇ ನುಂಗಿತು. ಮೊದಲೇ ತಗ್ಗಿನ ಊರು. ಸಮುದ್ರ ಉಬ್ಬರಿಸಿದಾಗ ಚರಂಡಿ ನೀರು ಹಿಂದಕ್ಕೆ ನುಗ್ಗುತ್ತಿತ್ತು. ಹಾಗಾಗಿ ನಗರಾಡಳಿತ ರಸ್ತೆಗಳನ್ನೇ ಎತ್ತರಿಸಲು ಹೊರಟಿತು. ವ್ಯಾಪಾರಿಗಳಿಗೋ ಆ ಕೆಲಸ ಮುಗಿಯುವವರೆಗೆ ಕಾದರೆ ಹೊಟ್ಟೆಪಾಡು ನಡೆಯದು. ಹಳೆಯ ಮಟ್ಟದಲ್ಲೇ ಅಂಗಡಿ ಕಟ್ಟಿದರು. ರಸ್ತೆ ಮೇಲೆ, ಅಂಗಡಿ ಬಾಗಿಲು ಕೆಳಗೆ! ಗಿರಾಕಿಗಳು ಏಣಿ ಹತ್ತಿಳಿದು ಸಾಮಾನು ಕೊಂಡರು. ಆಮೇಲೆ ಮೇಲುಗಡೆ ಹೊಸ ಫುಟ್‌ಪಾತ್ ಹಾಸಿ, ಕೆಳಗೆ ಬೆಳಕು ಬೀಳಲೆಂದು ಗಾಜಿನ ಬಿಲ್ಲೆಗಳನ್ನು ಕೂರಿಸಿದರು. 1907ರಲ್ಲಿ ಪ್ಲೇಗಿನ ಭಯದಿಂದ ಆ ನೆಲದಡಿಯನ್ನು ಮುಚ್ಚಲಾಯಿತು. 1965ರಲ್ಲಿ ಲೇಖಕ ಬಿಲ್ ಸ್ಪೈಡೆಲ್ ಅಲ್ಲಿ ನಡಿಗೆಯ ಪ್ರವಾಸ ಆರಂಭಿಸಿದರು.

ಆಡಳಿತದ್ದು ನಾಳೆಯ ಚಿಂತೆ, ವ್ಯಾಪಾರಿಯದು ಇಂದಿನ ಅನ್ನದ ಚಿಂತೆ. ಎರಡೂ ನ್ಯಾಯವೇ. ನಮ್ಮ ಮನೆಗಳಲ್ಲೂ ಹಿರಿಯರದೊಂದು ಮಟ್ಟ, ಕಿರಿಯರದೊಂದು ಮಟ್ಟ. ಜಗಳ ಹುಟ್ಟುವುದೇ ಆ ಅಂತರದಲ್ಲಿ. ಯಾರು ಸರಿ ಎಂದು ತೀರ್ಪು ಕೊಡುವ ಮೊದಲು ನಡುವೆ ಒಂದು ಏಣಿ ಇಡೋಣ. ಹತ್ತುವವರು ಹತ್ತಲಿ, ಇಳಿಯುವವರು ಇಳಿಯಲಿ, ವ್ಯವಹಾರ ಮಾತ್ರ ನಿಲ್ಲದಿರಲಿ.