ಮನಸ್ಸಿಗೂ ಬೇಕು ಬಸಿಗಾಲುವೆ



ಆಟಿ ತಿಂಗಳ ಜಡಿಮಳೆಯಲ್ಲಿ ಬೆಳ್ಮಣ್ ಸುತ್ತಿನ ಅಡಿಕೆ ಕೃಷಿಕನಿಗೆ ನಿದ್ದೆ ಕಡಿಮೆ. ಬೆಳಿಗ್ಗೆ ಮರದಡಿಯಲ್ಲಿ ನಾಲ್ಕು ಕೊಳೆತ ಕಾಯಿ ಕಂಡಿರುತ್ತವೆ. ರಾತ್ರಿ ಮಾಡಿನ ಮೇಲೆ ಮಳೆ ಸುರಿಯುವಾಗ ಆ ನಾಲ್ಕು ಕಾಯಿಯೇ ಇಡೀ ತೋಟವಾಗುತ್ತದೆ. ತೋಟ ಹೋದರೆ ಸೊಸೈಟಿ ಸಾಲ, ಸಾಲ ಉಳಿದರೆ ಮಗಳ ಮದುವೆ, ಹೀಗೆ ಚಿಂತೆ ಹಬ್ಬುತ್ತದೆ. ಬೆಳಗಾಗುವಾಗ ತೋಟ ನಿನ್ನೆಯಂತೆಯೇ ಇರುತ್ತದೆ. ಕೃಷಿಕ ಮಾತ್ರ ಸೋತಿರುತ್ತಾನೆ. ಮದ್ದು ಬಿಡುವವರನ್ನು ಕರೆಯಲೂ ಉತ್ಸಾಹವಿರುವುದಿಲ್ಲ. ನಿಜವಾದ ನಷ್ಟ ಆರಂಭವಾಗುವುದು ಇಲ್ಲಿಂದ.

ಚಿಂತೆ ಮಾಡುವುದೇ ತಪ್ಪೆಂದಲ್ಲ. ಮಳೆಗಾಲಕ್ಕೆ ಮುನ್ನ ಬೋರ್ಡೋ ದ್ರಾವಣ ಸಿಂಪಡಿಸುವಂತೆ ಎಚ್ಚರಿಸುವುದೂ ಚಿಂತೆಯೇ. ಆದರೆ ನಿಂತ ನೀರು ಅಡಿಕೆಯ ಬೇರನ್ನು ಕೆಡಿಸುವಂತೆ, ನಿಂತ ಚಿಂತೆ ಮನಸ್ಸನ್ನು ಕೆಡಿಸುತ್ತದೆ. ಅದು ಹರಿದುಹೋಗಲು ದಾರಿ ಮಾಡಬೇಕು.

1. ಸಂಜೆ ದೀಪ ಹಚ್ಚಿದ ಮೇಲೆ ಹದಿನೈದು ನಿಮಿಷ ಕುಳಿತು ಚಿಂತೆಗಳನ್ನು ಬರೆಯಿರಿ. ಕೈಯಲ್ಲಿರುವುದು, ಕೈಯಲ್ಲಿಲ್ಲದ್ದು ಎಂದು ಎರಡು ಪಾಲು ಮಾಡಿ. ಮಳೆ, ಪೇಟೆಯ ಧಾರಣೆ ಕೈಯಲ್ಲಿಲ್ಲ. ಉದುರಿದ ಕಾಯಿ ಹೆಕ್ಕಿ ತೆಗೆಯುವುದು, 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ, 100 ಲೀಟರ್ ನೀರಿನ ದ್ರಾವಣವನ್ನು ಮಳೆ ಬಿಡುವು ಕೊಟ್ಟಾಗ ಸಿಂಪಡಿಸುವುದು ಕೈಯಲ್ಲಿದೆ. ಮರುದಿನಕ್ಕೆ ಒಂದೇ ಒಂದು ಕೆಲಸ ಗೊತ್ತುಮಾಡಿ.

2. ರಾತ್ರಿ ಚಿಂತೆ ಬಂದರೆ ಅದರೊಡನೆ ವಾದಕ್ಕಿಳಿಯಬೇಡಿ. 'ನಾಳೆ ಸಂಜೆ ನೋಡೋಣ' ಎಂದುಕೊಂಡು, ನಾಲ್ಕು ಎಣಿಸುತ್ತ ಉಸಿರು ಒಳಗೆಳೆದು, ಆರು ಎಣಿಸುತ್ತ ಹೊರಬಿಡಿ. ಐದು ನಿಮಿಷದಲ್ಲಿ ಎದೆಬಡಿತ ತಗ್ಗುತ್ತದೆ.

3. 'ಎಲ್ಲಾ ಹೋಯಿತು' ಎನಿಸಿದಾಗ ತೋಟಕ್ಕೆ ಹೋಗಿ ರೋಗ ತಗಲಿದ ಗೊನೆಗಳನ್ನು ಎಣಿಸಿ. ಎಣಿಸಿದರೆ ಭಯ ಅಳತೆಗೆ ಬರುತ್ತದೆ.

ಬೇಸರ, ನಿದ್ರಾಹೀನತೆ, ಕೆಲಸದಲ್ಲಿ ನಿರಾಸಕ್ತಿ ಎರಡು ವಾರ ಮೀರಿದರೆ ಅದನ್ನು ಕಾಯಿಲೆಯೆಂದೇ ತಿಳಿದು ವೈದ್ಯರನ್ನು ಕಾಣಬೇಕು. ಕುಡಿತ ಅದಕ್ಕೆ ಮದ್ದಲ್ಲ. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಯ 14416 ಸಂಖ್ಯೆಗೆ ಹಗಲಿರುಳೆನ್ನದೆ ಉಚಿತವಾಗಿ ಫೋನು ಮಾಡಿ ಕನ್ನಡದಲ್ಲೇ ಮಾತನಾಡಬಹುದು. ಬದುಕು ಬೇಡವೆಂಬ ಮಾತು ಮನೆಯವರ ಬಾಯಲ್ಲಿ ಬಂದರೆ ಹಗುರವಾಗಿ ಕಾಣಬೇಡಿ. ಅವರನ್ನು ಒಬ್ಬರೇ ಬಿಡಬೇಡಿ. ಕೀಟನಾಶಕಗಳಿಗೆ ಬೀಗ ಹಾಕಿ, ಕೀಲಿಯನ್ನು ಬೇರೆಯವರ ಬಳಿ ಇಡಿ.

ಕೊಳೆರೋಗದಲ್ಲಿ ಒಂದು ವರ್ಷದ ಫಸಲು ಹೋದರೂ ಮರ ಉಳಿದರೆ ಮುಂದಿನ ವರ್ಷ ಹಿಂಗಾರ ಬಿಡುತ್ತದೆ. ಮೊದಲು ಉಳಿಯಬೇಕಾದವನು ಕೃಷಿಕ.