ಬಿಟ್ಟುಹೋದ ಕಾರ್ಖಾನೆಯ ನೆಲ

(ಅರಸೀಕೆರೆಯ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣ)



ಕೋಲಾರದ ಕೆ.ಜಿ.ಎಫ್. ಹೆಸರು ನೀವೆಲ್ಲ ಕೇಳಿದ್ದೀರಿ. ನೂರು ವರ್ಷಕ್ಕೂ ಮಿಕ್ಕಿ ಚಿನ್ನ ಕೊಟ್ಟ ಅಲ್ಲಿನ ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದವು. ಜನ ಕೂಲಿಗಾಗಿ ದಿನವೂ ಬೆಂಗಳೂರಿನ ರೈಲು ಹತ್ತುವಂತಾಯಿತು. ಊರಲ್ಲಿ ಉಳಿದದ್ದು ಸೈನೈಡ್ ದಿಬ್ಬಗಳು. ಅದಿರನ್ನು ಪುಡಿಮಾಡಿ, ಸೈನೈಡ್ ದ್ರಾವಣದಿಂದ ಚಿನ್ನ ತೆಗೆದ ಮೇಲೆ ಸುರಿದ ಪುಡಿ ಅದು: 13 ದಿಬ್ಬಗಳು, ಸುಮಾರು 3.3 ಕೋಟಿ ಟನ್. ಗಾಳಿ ಬೀಸಿದರೆ ಧೂಳು ಮನೆಯೊಳಗೇ ಬರುತ್ತದೆ.

ಆ ದಿಬ್ಬಗಳಿಂದ ಮತ್ತೆ ಚಿನ್ನ ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ 2024ರ ಜೂನ್‌ನಲ್ಲಿ ರಾಜ್ಯ ಸಚಿವ ಸಂಪುಟ ಒಪ್ಪಿತು. ಉದ್ಯೋಗ ಬೇಕು, ನಿಜ. ಆದರೆ ಅಗೆಯುವಾಗ ಏಳುವ ಧೂಳನ್ನು ತಡೆಯುವುದು ಹೇಗೆ, ಖಾಲಿಯಾದ ಜಾಗ ಯಾವುದಕ್ಕೆ ಯೋಗ್ಯ ಎಂಬುದನ್ನು ಅಲ್ಲಿನ ಜನರಿಗೆ ಅವರ ಭಾಷೆಯಲ್ಲೇ ಮೊದಲು ತಿಳಿಸಬೇಕು.

ಇದಕ್ಕೊಂದು ಕ್ರಮವಿದೆ. ಆ ಜಾಗದಲ್ಲಿ ಹಿಂದೆ ಏನು ನಡೆಯುತ್ತಿತ್ತೆಂದು ವಿಚಾರಿಸುವುದು. ಬೇರೆ ಬೇರೆ ಆಳದ ಮಣ್ಣನ್ನೂ ಸುತ್ತಲ ಬಾವಿಗಳ ನೀರನ್ನೂ ಪರೀಕ್ಷಿಸುವುದು. ಆಮೇಲೆ ಬಳಕೆ ನಿರ್ಧರಿಸುವುದು. ಗೋದಾಮಿಗೆ ಆಗುವ ನೆಲ ಮಕ್ಕಳು ಆಡುವ ಶಾಲೆಗೆ ಆಗದಿರಬಹುದು. ಕಲುಷಿತ ಸ್ಥಳಗಳಿಗಾಗಿ ಕೇಂದ್ರ ಸರ್ಕಾರ 2025ರಲ್ಲಿ ನಿಯಮ ತಂದಿತು. ಕೆಡಿಸಿದವರೇ ಖರ್ಚು ಭರಿಸಬೇಕೆಂಬುದು ಅದರ ತತ್ವ. ಆದರೆ ಗಣಿಗಾರಿಕೆಯ ಮಾಲಿನ್ಯವನ್ನು ಬೇರೆ ಕಾನೂನುಗಳಿಗೆ ಬಿಟ್ಟಿದೆ.

ನಾಳೆ ನಮ್ಮ ಸಂಸ್ಥೆಗೂ ಹಾಸ್ಟೆಲ್ ಕಟ್ಟಲು ಹಳೆಯ ಕಾರ್ಖಾನೆಯ ಜಾಗ ಅಗ್ಗಕ್ಕೆ ಸಿಗಬಹುದು. ಕಾಗದಪತ್ರ ನೋಡುವಷ್ಟೇ ಶ್ರದ್ಧೆಯಿಂದ ಮಣ್ಣು ನೀರನ್ನೂ ನೋಡೋಣ. ಭೂಮಿ ಅಲ್ಲಾಹನು ನಮಗೆ ವಹಿಸಿದ ಅಮಾನತ್. ವಿಜ್ಞಾನ ಓದುತ್ತಿರುವ ಮಕ್ಕಳೇ, ಇಂಥ ವರದಿಗಳನ್ನು ಓದಿ ಮೊಹಲ್ಲಾದ ಜನರಿಗೆ ಅರ್ಥಮಾಡಿಸುವ ಕೆಲಸ ನಿಮಗಾಗಿ ಕಾದಿದೆ.