ಲ್ಯಾಪ್‌ಟಾಪ್ ತುಂಬಿದಾಗ: ರೆಡಿಮೇಡ್ ಡಿಸ್ಕೋ, ನಾವೇ ಜೋಡಿಸಿದ್ದೋ?

(ಸಂಘದ ಮಹಿಳಾ ವೇದಿಕೆಯ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



"ಲ್ಯಾಪ್‌ಟಾಪಲ್ಲಿ ಜಾಗ ಇಲ್ಲ ಅಂತ ಬರ್ತಿದೆ, ಯಾವ ಹಾರ್ಡ್ ಡಿಸ್ಕ್ ತಗೊಳ್ಳಲಿ?" ನಮ್ಮ ವಾಟ್ಸಾಪ್ ಗುಂಪಿನಲ್ಲಿ ಈ ಪ್ರಶ್ನೆ ಆಗಾಗ ಬರುತ್ತದೆ. ಮೊನ್ನೆ ಒಬ್ಬರು, "ರಿಚಿ ಸ್ಟ್ರೀಟಿನಲ್ಲಿ ಬಿಡಿಭಾಗ ತಂದು ನಾವೇ ಜೋಡಿಸಿಕೊಳ್ಳಬಹುದಂತೆ, ಹೌದಾ?" ಎಂದು ಕೇಳಿದರು. ಹೌದು. ಮನೆ ಕಟ್ಟುವಷ್ಟು, ಮದುವೆ ಮಾಡುವಷ್ಟು ಕಷ್ಟದ ಕೆಲಸವಲ್ಲ; ಹತ್ತು ನಿಮಿಷ ಸಾಕು. ಆದರೆ ಯಾರು ಜೋಡಿಸಬೇಕು, ಯಾರು ಕೊಳ್ಳಬೇಕು ಎಂಬುದಕ್ಕೆ ಬೆಲೆಯೊಂದೇ ಅಳತೆಯಲ್ಲ. ಅದನ್ನು ಹೇಳುವುದಕ್ಕೇ ಇವತ್ತು ನಿಂತಿದ್ದೇನೆ.

ಮೊದಲು ಡಬ್ಬಿಯೊಳಗೆ ಏನಿದೆ ನೋಡೋಣ. ಹೊರಗಿನಿಂದ ಚುಚ್ಚುವ ಯಾವ ಡಿಸ್ಕಿನಲ್ಲೂ ಎರಡು ಕೆಲಸ ನಡೆಯುತ್ತವೆ. ಒಂದು, ಮಾಹಿತಿ ಹಿಡಿದಿಡುವ ಕೆಲಸ. ಇನ್ನೊಂದು, ಅದನ್ನು ಯುಎಸ್‌ಬಿ ಭಾಷೆಗೆ ತಿರುಗಿಸಿ ಲ್ಯಾಪ್‌ಟಾಪಿಗೆ ಮುಟ್ಟಿಸುವ ದುಭಾಷಿಯ ಕೆಲಸ. ಮನೆಯಲ್ಲಿ ಕನ್ನಡ, ತರಕಾರಿ ಅಂಗಡಿಯಲ್ಲಿ ತಮಿಳು ಆಡುವ ನಮಗೆ ಈ ದುಭಾಷಿ ಯಾಕೆ ಬೇಕೆಂದು ಬಿಡಿಸಿ ಹೇಳಬೇಕಿಲ್ಲ. ನಾವೇ ಜೋಡಿಸಿದಾಗ ಈ ಎರಡೂ ಬೇರೆ ಬೇರೆ ವಸ್ತು. ಒಂದು ಎಸ್‌ಎಸ್‌ಡಿ, ಇನ್ನೊಂದು ಅಂಗಡಿಯವರು ಕೇಸಿಂಗ್ ಎನ್ನುವ ಖಾಲಿ ಡಬ್ಬಿ. ದುಭಾಷಿ ಇರುವುದು ಆ ಡಬ್ಬಿಯಲ್ಲಿ. ರೆಡಿಮೇಡ್ ಡಿಸ್ಕಿನಲ್ಲಿ ಬಹಳ ಸಲ ಎರಡೂ ಒಂದೇ ಬೋರ್ಡಿನ ಮೇಲೆ ಬೆಸೆದುಕೊಂಡಿರುತ್ತವೆ.

ಈ ವ್ಯತ್ಯಾಸ ಸಣ್ಣದಲ್ಲ. ನಾನಿರುವ ಮಣಲಿಯಲ್ಲಿ ನಮ್ಮ ಪಕ್ಕದ ಬೀದಿಯ ಅಕ್ಕನೊಬ್ಬರು ತಮ್ಮ ತಾಯಿಯ ಆರತಿ ಹಾಡು, ಬೀಸೋ ಪದಗಳನ್ನು ರೆಕಾರ್ಡ್ ಮಾಡಿ ಒಂದು ಪೋರ್ಟಬಲ್ ಹಾರ್ಡ್ ಡಿಸ್ಕಿನಲ್ಲಿ ಇಟ್ಟಿದ್ದರು. ತಾಯಿ ಈಗಿಲ್ಲ. ಕೇಬಲ್ ಚುಚ್ಚುವ ಜಾಗ ಸಡಿಲವಾಗಿ ಒಂದು ದಿನ ಡಿಸ್ಕ್ ಮಾತಾಡುವುದನ್ನೇ ನಿಲ್ಲಿಸಿತು. ಬೇರೆ ಡಬ್ಬಿಗೆ ಹಾಕಿದರಾಯಿತು ಎಂದು ಬಿಚ್ಚಿ ನೋಡಿದರೆ, ಯುಎಸ್‌ಬಿ ಬಾಯಿ ಡಿಸ್ಕಿನ ಸ್ವಂತ ಬೋರ್ಡಿಗೇ ಬೆಸೆದಿತ್ತು. ಡೇಟಾ ರಿಕವರಿಯವರು ಕೇಳಿದ ಹಣ ಒಂದು ಹೊಸ ಲ್ಯಾಪ್‌ಟಾಪಿನ ಹತ್ತಿರ ಬಂತು. ಆ ಡಿಸ್ಕ್ ಇನ್ನೂ ಅವರ ಬೀರುವಿನಲ್ಲಿ, ರೇಷ್ಮೆ ಸೀರೆಗಳ ಪಕ್ಕದಲ್ಲಿದೆ.

ಕೆಲವು ರೆಡಿಮೇಡ್ ಡಿಸ್ಕುಗಳಲ್ಲಿ ಆ ದುಭಾಷಿ ಬೋರ್ಡೇ ಮಾಹಿತಿಯನ್ನು ಗೂಢಲಿಪಿಗೆ ತಿರುಗಿಸಿ ಬರೆಯುತ್ತದೆ. ಬೋರ್ಡ್ ಕೆಟ್ಟರೆ ಒಳಗಿನ ಡಿಸ್ಕ್ ಗಟ್ಟಿಯಾಗಿದ್ದರೂ ಬೇರೆಡೆ ಓದಲು ಬರುವುದಿಲ್ಲ. ನಾವು ಜೋಡಿಸಿದ್ದರಲ್ಲಿ ಡಬ್ಬಿ ಕೆಟ್ಟರೆ ಸಾಮಾನ್ಯವಾಗಿ ಡಬ್ಬಿಗಷ್ಟೇ ನಷ್ಟ. ಎಸ್‌ಎಸ್‌ಡಿ ತೆಗೆದು ಇನ್ನೊಂದಕ್ಕೆ ಹಾಕಬಹುದು.

ಹಾಗಾದರೆ ಜೋಡಿಸುವುದು ಹೇಗೆ? ನಿಮ್ಮ ಹಳೆಯ ಲ್ಯಾಪ್‌ಟಾಪಿನಲ್ಲಿ ಎರಡೂವರೆ ಇಂಚಿನ ಸಾಟಾ ಡಿಸ್ಕ್ ಇದ್ದರೆ ಅದಕ್ಕೆ ಕೇಸಿಂಗ್ ಕೆಲವೇ ನೂರು ರೂಪಾಯಿಗೆ ಸಿಗುತ್ತದೆ. ಗುಜರಿಗೆ ಹೋಗುವ ಲ್ಯಾಪ್‌ಟಾಪಿನಿಂದ ಒಂದು ಡಿಸ್ಕ್ ಉಳಿಯುತ್ತದೆ. ಹೊಸದು ಕೊಳ್ಳುವುದಾದರೆ ಎಂ.2 ಎಸ್‌ಎಸ್‌ಡಿ, 22 ಮಿಲಿಮೀಟರ್ ಅಗಲ, 80 ಮಿಲಿಮೀಟರ್ ಉದ್ದ, ಚೂಯಿಂಗ್ ಗಮ್ ಪಟ್ಟಿಯ ಹಾಗೆ. ಇದರಲ್ಲಿ ಸಾಟಾ, ಎನ್‌ವಿಎಂಇ ಎಂದು ಎರಡು ಜಾತಿ. ನೋಡಲು ಅಕ್ಕತಂಗಿಯರು, ಆದರೆ ಒಂದರ ಡಬ್ಬಿ ಇನ್ನೊಂದಕ್ಕೆ ಆಗಬೇಕೆಂದಿಲ್ಲ. ಕೇಸಿಂಗಿನ ಮೇಲೆ ಯಾವುದಕ್ಕೆಂದು ಬರೆದಿರುತ್ತದೆ, ಓದಿಯೇ ಕೊಳ್ಳಿ. ಜೊತೆಗೆ ಬರುವ ಮೆತ್ತನೆಯ ಥರ್ಮಲ್ ಪ್ಯಾಡನ್ನು ಎಸೆಯಬೇಡಿ. ಎನ್‌ವಿಎಂಇ ಚೆನ್ನಾಗಿ ಬಿಸಿಯಾಗುತ್ತದೆ. ನಮ್ಮೂರಿನ ಮೇ ತಿಂಗಳಲ್ಲಿ ಕೇಳುವುದೇ ಬೇಡ. ಮೊದಲ ಸಲ ಚುಚ್ಚಿದಾಗ ಫಾರ್ಮ್ಯಾಟ್ ಮಾಡಬೇಕು. ಎಕ್ಸ್‌ಫ್ಯಾಟ್ ಆರಿಸಿದರೆ ವಿಂಡೋಸೂ ಓದುತ್ತದೆ, ಮ್ಯಾಕೂ ಓದುತ್ತದೆ.

ವೇಗದ ಮಾತು. 100 ಜಿಬಿ ವಿಡಿಯೊ ಸಾಗಿಸಲು ಪೋರ್ಟಬಲ್ ಹಾರ್ಡ್ ಡಿಸ್ಕಿಗೆ ಸುಮಾರು ಕಾಲು ಗಂಟೆ ಬೇಕು. 5 ಗಿಗಾಬಿಟ್ ಡಬ್ಬಿಯಲ್ಲಿರುವ ಎಸ್‌ಎಸ್‌ಡಿಗೆ ನಾಲ್ಕೈದು ನಿಮಿಷ, 10 ಗಿಗಾಬಿಟ್ ಡಬ್ಬಿಯ ಎನ್‌ವಿಎಂಇಗೆ ಎಲ್ಲ ಸರಿಯಾಗಿದ್ದರೆ ಎರಡು ನಿಮಿಷದ ಆಸುಪಾಸು. ಆದರೆ ಅದೇ ಡಿಸ್ಕಿಗೆ ಫೋನ್ ಚಾರ್ಜರಿನ ಟೈಪ್-ಸಿ ಕೇಬಲ್ ಹಾಕಿದರೆ ಮುಕ್ಕಾಲು ಗಂಟೆ ಹಿಡಿಯಬಹುದು. ಅಂಥ ಬಹಳಷ್ಟು ಕೇಬಲ್‌ಗಳು ಹಳೆಯ ಯುಎಸ್‌ಬಿ 2.0 ವೇಗದವು. ಡಿಸ್ಕ್ ನಿಧಾನ ಎಂದು ಬೈಯುವ ಮೊದಲು ಕೇಬಲ್ ಬದಲಿಸಿ ನೋಡಿ.

ರೆಡಿಮೇಡ್ ಬೇಡವೇ ಬೇಡ ಎನ್ನುತ್ತಿಲ್ಲ. ಮಕ್ಕಳ ಕೈಗೆ ಸಿಗುವ, ದಿನಾ ಆಫೀಸ್ ಬ್ಯಾಗಿನಲ್ಲಿ ಓಡಾಡುವ ಡಿಸ್ಕಿಗೆ ರಬ್ಬರ್ ಕವಚವಿರುವ, ನೀರು ಧೂಳು ತಡೆಯುವ ಪೋರ್ಟಬಲ್ ಎಸ್‌ಎಸ್‌ಡಿಯೇ ಸರಿ. ಬಿಲ್ ಒಂದು, ವಾರಂಟಿ ಒಂದು, ಕೆಟ್ಟರೆ ಹೋಗಬೇಕಾದ ಬಾಗಿಲೂ ಒಂದು. ಜೋಡಿಸಿದ್ದರಲ್ಲಿ ಎಸ್‌ಎಸ್‌ಡಿಯವರು ಡಬ್ಬಿಯನ್ನು ತೋರಿಸುತ್ತಾರೆ, ಡಬ್ಬಿಯವರು ಎಸ್‌ಎಸ್‌ಡಿಯನ್ನು. ಒಂದು ಎಚ್ಚರಿಕೆ: ಸಾವಿರ, ಎರಡು ಸಾವಿರಕ್ಕೆ "16 ಟಿಬಿ" ಎಂದು ಆನ್‌ಲೈನ್‌ನಲ್ಲಿ ಬರುವುದನ್ನು ಮುಟ್ಟಬೇಡಿ. ಒಳಗಿರುವುದು ಸಣ್ಣ ಕಾರ್ಡು. ತುಂಬಿದ ಮೇಲೆ ಹಳೆಯದರ ಮೇಲೇ ಬರೆದು ಎರಡನ್ನೂ ಹಾಳುಮಾಡುತ್ತದೆ. 1 ಟಿಬಿ ಡಿಸ್ಕ್ ವಿಂಡೋಸಿನಲ್ಲಿ 931 ಜಿಬಿ ಎಂದು ತೋರಿಸಿದರೆ ಮಾತ್ರ ಹೆದರಬೇಡಿ, ಅದು ಎಣಿಕೆಯ ರೀತಿಯ ವ್ಯತ್ಯಾಸ.

ಇನ್ನು ಮಾರಾಟಗಾರರು ಹೇಳದ ಮಾತು. 2015ರ ಡಿಸೆಂಬರ್ ಮಳೆ, 2023ರ ಡಿಸೆಂಬರಿನ ಮಿಚಾಂಗ್ ಚಂಡಮಾರುತ ಇಲ್ಲಿರುವ ಎಲ್ಲರಿಗೂ ನೆನಪಿದೆ. ಮಣಲಿಯಂಥ ತಗ್ಗು ಪ್ರದೇಶದಲ್ಲಿ ನೀರು ಮನೆಯೊಳಗೆ ಬರಲು ಹೆಚ್ಚು ಹೊತ್ತು ಬೇಡ. ಲ್ಯಾಪ್‌ಟಾಪ್ ಮೇಜಿನ ಮೇಲೆ, ಡಿಸ್ಕ್ ಅದೇ ಮೇಜಿನ ಡ್ರಾಯರಿನಲ್ಲಿ ಇದ್ದರೆ, ಜೋಡಿಸಿದ್ದೂ ಕೊಂಡಿದ್ದೂ ಒಟ್ಟಿಗೇ ಮುಳುಗುತ್ತವೆ. ನಮ್ಮ ಉದ್ಯಮದಲ್ಲಿ 3-2-1 ಎಂಬ ಸೂತ್ರವಿದೆ: ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಮನೆಯಿಂದ ಹೊರಗೆ. ಲ್ಯಾಪ್‌ಟಾಪಿನಲ್ಲಿ ಒಂದು, ಡಿಸ್ಕಿನಲ್ಲಿ ಒಂದು, ಮೂರನೆಯದು ಬೆಂಗಳೂರಿನ ತಂಗಿಯ ಮನೆಯಲ್ಲೋ ಕ್ಲೌಡಿನಲ್ಲೋ ಇರಲಿ. ಜಾಗ ಮಾಡಲೆಂದು ಫೋಟೊಗಳನ್ನು ಡಿಸ್ಕಿಗೆ ಸಾಗಿಸಿ ಲ್ಯಾಪ್‌ಟಾಪಿನಲ್ಲಿ ಅಳಿಸಿದರೆ ಉಳಿಯುವುದು ಒಂದೇ ಪ್ರತಿ. ಆಗ ಎರಡನೇ ಡಿಸ್ಕ್ ಬೇಕೇ ಬೇಕು. ಎಸ್‌ಎಸ್‌ಡಿಯನ್ನು ವರ್ಷಗಟ್ಟಲೆ ಕರೆಂಟ್ ಕಾಣಿಸದೆ ಬೀರುವಿನಲ್ಲಿಡಬೇಡಿ, ಬರೆದಿದ್ದು ಮಾಸಬಹುದು. ಯುಗಾದಿಗೊಮ್ಮೆ, ದೀಪಾವಳಿಗೊಮ್ಮೆ ಚುಚ್ಚಿ, ನಾಲ್ಕು ಫೈಲ್ ತೆರೆದು ನೋಡಿ.

ಕೊನೆಯದು, ವಿಶೇಷವಾಗಿ ನಮ್ಮ ವೇದಿಕೆಗೆ. ಮನೆಪತ್ರ, ವಿಮೆ, ಮಕ್ಕಳ ಸರ್ಟಿಫಿಕೇಟುಗಳ ಸ್ಕ್ಯಾನ್ ಇರುವ ಡಿಸ್ಕಿಗೆ ಪಾಸ್‌ವರ್ಡ್ ಇರಬೇಕು. ಆದರೆ ಅದು ಮನೆಯಲ್ಲಿ ಒಬ್ಬರಿಗಷ್ಟೇ ಗೊತ್ತಿದ್ದರೆ, ಅವರು ಆಸ್ಪತ್ರೆಯಲ್ಲಿರುವ ದಿನವೇ ಅದು ತೆರೆಯುವುದಿಲ್ಲ. "ಅದೆಲ್ಲ ಅವರೇ ನೋಡ್ಕೋತಾರೆ" ಎನ್ನುವುದನ್ನು ಇವತ್ತಿಗೆ ಬಿಡೋಣ.

ನನ್ನ ಲೆಕ್ಕ ಇಷ್ಟು: ಓಡಾಡುವ ಡಿಸ್ಕನ್ನು ಕೊಳ್ಳಿ, ಉಳಿಸುವ ಡಿಸ್ಕನ್ನು ಜೋಡಿಸಿ, ಯಾವುದನ್ನೂ ಒಂಟಿಯಾಗಿ ಬಿಡಬೇಡಿ. ಮುಂದಿನ ಸಭೆಗೆ ಮನೆಯಲ್ಲಿ ಮೂಲೆ ಸೇರಿದ ಹಳೆಯ ಲ್ಯಾಪ್‌ಟಾಪ್ ತನ್ನಿ. ಸ್ಕ್ರೂಡ್ರೈವರ್ ನಾನು ತರುತ್ತೇನೆ. ಬಿಚ್ಚುವ ಕೈ ಮಾತ್ರ ನಿಮ್ಮದೇ ಆಗಿರಲಿ.